ಮಾವನ ಖಾತೆಗೆ ಬಂದ ಹಣ

ಶಿವಾಜಿನಗರದ ಕೋರ್ಟಿನಿಂದ ರೈಲು ನಿಲ್ದಾಣದ ಕಡೆಗೆ ಹೋಗುವ ರಸ್ತೆಯಲ್ಲೊಂದು ಹೋಟೆಲಿದೆ. ಅದರ ಗಲ್ಲಾದಲ್ಲಿ ಕೂರುವ ಕುಶಲ ಶೆಟ್ಟಿ, ಕೇಸು ಗೆದ್ದವನ ಮುಖವನ್ನೂ ಸೋತವನ ಮುಖವನ್ನೂ ದೂರದಿಂದಲೇ ಗುರುತಿಸಬಲ್ಲವನು. ಸೋತವರನ್ನು ಮಾತಾಡಿಸದೆ ಚಿಲ್ಲರೆ ಕೊಟ್ಟು ಕಳಿಸುವುದು ಅವನ ಸೌಜನ್ಯ. ಮೀಸೆ ಮೂಡುವ ಮೊದಲೇ ಕಾರ್ಕಳದ ಕಡೆಯಿಂದ ಈ ಮರಾಠಿ ಊರಿಗೆ ಬಂದು ಟೇಬಲು ಒರೆಸಿದವನು, ಈಗ ಅದೇ ಹೋಟೆಲಿನಲ್ಲಿ ಕಾಲು ಪಾಲಿನ ಒಡೆಯ. ಇಷ್ಟು ವರ್ಷಗಳಲ್ಲಿ ಅವನ ಕೈಯಲ್ಲಿದ್ದ ಹಣದ ಬಗ್ಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ. ಆದ್ದರಿಂದಲೇ, ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಮುಚ್ಚಿದ ಬಾಗಿಲಿನೆದುರು ಬೆಂಚಿನ ಮೇಲೆ ಕೂತಾಗ, ಸಂಶಯಕ್ಕೆ ಗುರಿಯಾದ ಮನುಷ್ಯ ಕೈಗಳನ್ನು ಎಲ್ಲಿಡಬೇಕು ಎಂಬುದು ಕೂಡ ಅವನಿಗೆ ತಿಳಿಯುತ್ತಿರಲಿಲ್ಲ.

ಬಾಗಿಲಿನ ಒಳಗೆ ಅವನ ಹೆಂಡತಿ ಹರ್ಷಾ ಇದ್ದಳು. ಬೇಡ ಎಂದು ಅವಳೊಂದು ಮಾತು ಆಡಿದರೆ ಸಾಕು, ಎಲ್ಲವೂ ನಿಲ್ಲುತ್ತಿತ್ತು.

ಬೆಂಚಿನ ಇನ್ನೊಂದು ತುದಿಯಲ್ಲಿ ಅವನ ತಂಗಿ ವಸಂತಿ. ಅವಳ ಮಗ ಸುದೀಪ ತಳೇಗಾಂವದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಇಪ್ಪತ್ಮೂರರ ಹುಡುಗ. ಕಾಲು ಊದಿದಾಗ ದಿನವಿಡೀ ನಿಂತು ಮಾಡುವ ಕೆಲಸದ್ದು ಎಂದುಕೊಂಡ; ಊಟ ಸೇರದಾದಾಗ ಕ್ಯಾಂಟೀನಿನ ಎಣ್ಣೆಯದ್ದು ಎಂದುಕೊಂಡ. ರಕ್ತ ಪರೀಕ್ಷೆ ಮಾಡಿಸುವ ಹೊತ್ತಿಗೆ ಎರಡೂ ಮೂತ್ರಪಿಂಡಗಳು ಬಹುಪಾಲು ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ಅದಕ್ಕಾಗಿ ತೋಳಿನಲ್ಲಿ ಜೋಡಿಸಿದ ರಕ್ತನಾಳ ಎರಡು ಸಲ ಹೆಪ್ಪುಗಟ್ಟಿ, ಈಗ ಕತ್ತಿನಲ್ಲಿ ನಳಿಗೆ ಹಾಕಿದ್ದರು. ಅಲ್ಲಿ ಸೋಂಕು ತಗಲುವ ಮೊದಲು ಕಸಿ ಆಗಬೇಕು, ಈ ತಿಂಗಳನ್ನು ದಾಟಿಸಬೇಡಿ ಎಂದು ವೈದ್ಯರು ಹೇಳಿದ್ದರು. ವಸಂತಿಗೆ ಸಕ್ಕರೆ ಕಾಯಿಲೆ. ಅವಳ ಮೂತ್ರಪಿಂಡ ತೆಗೆಯುವಂತಿರಲಿಲ್ಲ. ಅವಳ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹೊಂದಿಕೆಯಾದದ್ದು ಕುಶಲನದು.

ಸೋದರಳಿಯನೇ ವಾರಸುದಾರನಾಗುವ ಅಳಿಯಕಟ್ಟಿನ ಮನೆತನದವರಿಗೆ ಇದು ಚರ್ಚಿಸುವ ವಿಷಯವೇ ಆಗಿರಲಿಲ್ಲ. ಅಪ್ಪನಿಲ್ಲದ ಮನೆಗೆ ಮಾವನೇ ಯಜಮಾನ. ಅವನಿಗಿಂತ ಹತ್ತಿರದವರು ಯಾರು? ಆದರೆ ಅಂಗದಾನದ ಕಾನೂನು ಬೇರೆ ರೀತಿಯಲ್ಲಿ ಯೋಚಿಸುತ್ತದೆ. ತಂದೆ ತಾಯಿ, ಒಡಹುಟ್ಟಿದವರು, ಗಂಡ ಹೆಂಡತಿ, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು: ಅದರ ಪ್ರಕಾರ ಹತ್ತಿರದವರು ಇಷ್ಟೇ. ಆನುವಂಶಿಕತೆಯ ಲೆಕ್ಕದಲ್ಲಿ ಅಜ್ಜಿ ಎಷ್ಟು ದೂರವೋ ಸೋದರಮಾವನೂ ಸರಾಸರಿ ಅಷ್ಟೇ ದೂರ; ಆದರೂ ಅಜ್ಜಿಗೆ ಬಾಗಿಲು ತೆರೆದಿದೆ, ಮಾವ ಹೊರಗೆ ನಿಂತು ಸಮಿತಿಯ ಅನುಮತಿ ಕೇಳಬೇಕು. ಇದನ್ನು ಬರೀ ಕುರುಡು ನಿಯಮವೆಂದು ತಳ್ಳಿಹಾಕುವಂತಿಲ್ಲ. ಬಡವರ ಮೂತ್ರಪಿಂಡಗಳನ್ನು ಮಾವ, ಚಿಕ್ಕಪ್ಪ, ಧರ್ಮದ ಅಣ್ಣ ಎಂಬ ಹೆಸರಿನಲ್ಲಿ ಕೊಂಡುಕೊಂಡವರು ಈ ದೇಶದಲ್ಲಿ ಇದ್ದಾರೆ. ಸಮಿತಿ ಕೇಳುವ ಪ್ರಶ್ನೆ ಒಂದೇ: ಇಲ್ಲಿ ಹಣ ಯಾರಿಂದ ಯಾರಿಗೆ ಹೋಗಿದೆ?

ಕುಶಲ ಎಡವಿದ್ದು ಅಲ್ಲಿಯೇ.

ಶಿವಾಜಿನಗರದ ಸುತ್ತಿನ ಕರಾವಳಿಯ ಹೋಟೆಲಿನವರಲ್ಲಿ ಒಂದು ರೂಢಿ ಇತ್ತು. ತಮ್ಮವರಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಪ್ರತಿಯೊಬ್ಬರೂ ಒಂದು ದಿನದ ಗಲ್ಲಾವನ್ನು ಬಿಟ್ಟುಕೊಡುವುದು. ಆ ದಿನ ಪೆಟ್ಟಿಗೆಗೆ ಬಿದ್ದ ಹಣವನ್ನು ಎಣಿಸುವಂತಿಲ್ಲ. ಬಟ್ಟೆಯ ಚೀಲಕ್ಕೆ ಸುರಿದು ಬಾಯಿ ಕಟ್ಟಿ ಕೊಡುವುದು. ಸಣ್ಣ ಹೋಟೆಲಿನವನಿಗೆ ಸಂಕೋಚ ಬೇಡ, ದೊಡ್ಡ ಹೋಟೆಲಿನವನಿಗೆ ಜಂಬ ಬೇಡ ಎಂಬುದು ಅದರ ಹಿಂದಿನ ಬುದ್ಧಿ. ಈಗ ಗಿರಾಕಿಗಳು ನೋಟು ಕೊಡುವುದು ಕಡಿಮೆ, ಫೋನು ತೋರಿಸುವುದೇ ಹೆಚ್ಚು. ಆದ್ದರಿಂದ ಈ ಸಲ ಆ ಒಂದು ದಿನದ ಮಟ್ಟಿಗೆ ಎಲ್ಲ ಹೋಟೆಲುಗಳ ಗಲ್ಲಾದ ಮೇಲೂ ಕುಶಲನ ಖಾತೆಯ ಕ್ಯೂಆರ್ ಚೀಟಿ ಅಂಟಿಸಿದರು. ಊರೆಲ್ಲ ತಿಂದ ಇಡ್ಲಿ, ಕುಡಿದ ಚಹಾ, ಕಟ್ಟಿಸಿದ ಪಾರ್ಸೆಲ್ಲುಗಳ ದುಡ್ಡು ಬೆಳಗಿನಿಂದ ಅವನ ಫೋನಿನಲ್ಲಿ ಟಿಣ್ ಟಿಣ್ ಎನ್ನುತ್ತ ಬಂದು ಬಿತ್ತು. ಚೀಲಗಳ ಹಣವನ್ನೂ ಅವನು ಅದೇ ಖಾತೆಗೆ ಕಟ್ಟಿದ. ಸುದೀಪನಿಗೆ ಕಾರ್ಖಾನೆಯ ಗೆಳೆಯರು ಕೂಡಿಸಿ ಕೊಟ್ಟದ್ದು, ಅವನ ಭವಿಷ್ಯನಿಧಿಯಿಂದ ಬಂದದ್ದು, ಅದೂ ಮಾವನ ಖಾತೆಗೇ ಹೋಯಿತು. ಹುಡುಗ ಮೊದಲ ಸಂಬಳದಿಂದಲೂ ದುಡ್ಡನ್ನು ಮಾವನ ಕೈಗೆ ಕೊಟ್ಟು ಬಂದವನು. ಬೇರೆ ದಾರಿ ಇದೆಯೆಂದು ಅವನಿಗೆ ಹೊಳೆಯಲೂ ಇಲ್ಲ.

ಸಮಿತಿಯ ಮೊದಲ ಬೈಠಕ್ಕಿನಲ್ಲಿ ಅಧ್ಯಕ್ಷೆಯಾಗಿದ್ದ ವೈದ್ಯೆ ಬ್ಯಾಂಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಗುರುತಿಲ್ಲದ ನೂರಾರು ಜನರಿಂದ ದಾನಿಯ ಖಾತೆಗೆ ಹಣ. ಮೂಲ ಹೇಳಲಾಗದ ದೊಡ್ಡ ನಗದು. ಕೊನೆಗೆ, ರೋಗಿಯ ಖಾತೆಯಿಂದ ನೇರವಾಗಿ ದಾನಿಯ ಖಾತೆಗೆ ಹೋದ ಮೊತ್ತ. ಆಕೆ ಆ ಸಾಲಿನ ಮೇಲೆ ಪೆನ್ನಿನ ತುದಿಯಿಟ್ಟು ಕಣ್ಣೆತ್ತಿ ನೋಡಿದರು. ಬೈಯಲಿಲ್ಲ, ದನಿ ಏರಿಸಲಿಲ್ಲ. ತನ್ನ ಜೀವಮಾನದ ಮರ್ಯಾದೆಯನ್ನೆಲ್ಲ ಒಂದು ಹಾಳೆಯ ಮೇಲೆ ಬರೆದರೆ ಅದು ವ್ಯಾಪಾರದಂತೆ ಕಾಣುತ್ತದೆ ಎಂದು ಕುಶಲನಿಗೆ ಆಗ ಅರ್ಥವಾಯಿತು.

ಹಣವನ್ನೆಲ್ಲ ರೋಗಿಯ ಹೆಸರಿನಲ್ಲಿ ಆಸ್ಪತ್ರೆಗೇ ಕಟ್ಟಬೇಕು, ಕೊಟ್ಟವರಿಂದ ಪತ್ರ ತರಬೇಕು, ದಾನಿಯ ಹೆಂಡತಿಯನ್ನು ಬೇರೆಯಾಗಿ ವಿಚಾರಿಸಬೇಕು ಎಂದು ಹೇಳಿ ಸಮಿತಿ ಎದ್ದಿತು.

ಹಣ ಕಟ್ಟುವುದು ಒಂದು ಮಧ್ಯಾಹ್ನದ ಕೆಲಸವಾಯಿತು. ಪತ್ರ ಕೇಳುವುದು ಕಷ್ಟವಾಯಿತು. ಕಿಟ್ಟಿ ಎಂದೇ ಎಲ್ಲರೂ ಕರೆಯುವ ಹಿರಿಯ ಹೋಟೆಲಿನವನು ಕನ್ನಡಕ ತೆಗೆದು ಕುಶಲನನ್ನೇ ನೋಡಿದ.

‘ಎಷ್ಟು ಅಂತ ಬರೆಯುವುದು ಮಾರಾಯ? ಎಣಿಸಿ ಕೊಟ್ಟರೆ ಅದು ಬಿಲ್ಲು. ನಾನು ನಿನಗೆ ಬಿಲ್ಲು ಕೊಟ್ಟದ್ದಾ?’

ಆದರೂ ಬರೆದ. ಉಳಿದವರೂ ಬರೆದರು. ಎಲ್ಲ ಪತ್ರಗಳಲ್ಲೂ ಒಂದೇ ಒಕ್ಕಣೆ: ಒಂದು ದಿನದ ಗಲ್ಲಾ, ಎಣಿಸಿಲ್ಲ. ಅಂಥ ಪತ್ರಗಳ ಕಂತೆಯನ್ನು ಹಿಡಿದು ನಡೆಯುವಾಗ ಕುಶಲನಿಗೆ ನಗು ಬರಬೇಕಾಗಿತ್ತು, ಬರಲಿಲ್ಲ.

ಇನ್ನುಳಿದದ್ದು ಹರ್ಷಾ. ಹೊಂದಿಕೆಯ ವರದಿ ಬಂದ ದಿನ ಅವನು ಊಟಕ್ಕೆ ಕೂತು, ‘ನಂದು ಮ್ಯಾಚ್ ಆಗಿದೆ, ಕೊಡುತ್ತೇನೆ’ ಎಂದಿದ್ದ. ಅವಳು ಸಾರು ಬಡಿಸಿದಳು. ಆಮೇಲೆ ಆ ಮಾತು ಮನೆಯಲ್ಲಿ ಬರಲೇ ಇಲ್ಲ. ಪರೀಕ್ಷೆಗಳಿಗೆ ಉಪವಾಸವಿದ್ದು ಹೋಗುವಾಗ ನೀರಿನ ಬಾಟಲಿ ತುಂಬಿ ಕೊಟ್ಟಳು, ಅಷ್ಟೆ. ಅವಳ ಮೌನವನ್ನು ಅವನು ಒಪ್ಪಿಗೆ ಎಂದುಕೊಂಡಿದ್ದ. ಈಗ ಈ ಬೆಂಚಿನ ಮೇಲೆ ಕೂತು ಯೋಚಿಸಿದರೆ, ಹಾಗೆಂದುಕೊಳ್ಳಲು ಅವನ ಬಳಿ ಯಾವ ಆಧಾರವೂ ಇರಲಿಲ್ಲ.

‘ಅತ್ತಿಗೆ ಹೋಗಿ ತುಂಬ ಹೊತ್ತಾಯಿತಲ್ಲ ಅಣ್ಣ’ ಎಂದಳು ವಸಂತಿ.

ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಕೆಳಗಿನ ಮಹಡಿಯಲ್ಲಿ ಸುದೀಪ ಯಂತ್ರಕ್ಕೆ ಜೋಡಿಸಿಕೊಂಡು ಮಲಗಿದ್ದ.

ಬಾಗಿಲು ತೆರೆಯಿತು. ಕರೆದದ್ದು ಕುಶಲನನ್ನು.

ಹರ್ಷಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಮೂಗು ಕೆಂಪಾಗಿತ್ತು. ಎಲ್ಲವನ್ನೂ ದಾಖಲಿಸುವ ಕ್ಯಾಮರಾ ಮೂಲೆಯಲ್ಲಿತ್ತು. ಅಧ್ಯಕ್ಷೆಯ ಪಕ್ಕದ ನಿವೃತ್ತ ಅಧಿಕಾರಿಯೊಬ್ಬರು ಕಿಟ್ಟಿಯ ಪತ್ರವನ್ನು ಓದಿ, ಇದೆಂಥ ಪುರಾವೆ ಎಂಬಂತೆ ಕೆಳಗಿಟ್ಟು, ಬ್ಯಾಂಕಿನ ಹಾಳೆಯನ್ನು ಎತ್ತಿಕೊಂಡರು. ಈ ನಲವತ್ತು, ಮೂವತ್ತು, ಅರವತ್ತೈದು ರೂಪಾಯಿಗಳು ಏನು ಎಂದು ಮರಾಠಿಯಲ್ಲಿ ಕೇಳಿದರು. ಕುಶಲ ನೋಡಿ ಹೇಳಿದ: ಇದು ಇಡ್ಲಿ-ವಡೆ, ಇದು ಎರಡು ಚಹಾ, ಇದು ಮಸಾಲೆದೋಸೆ ಇರಬೇಕು. ಮೂತ್ರಪಿಂಡ ಕೊಳ್ಳುವವರು ಚಹಾದ ಲೆಕ್ಕದಲ್ಲಿ ಕೊಡುವುದಿಲ್ಲ ಎಂದು ಆ ಅಧಿಕಾರಿ ತಮ್ಮಷ್ಟಕ್ಕೆ ಅಂದುಕೊಂಡಂತೆ ಹೇಳಿದರು. ಆದರೆ ಅವರ ಪೆನ್ನಿನ ತುದಿ ಮತ್ತೆ ಹಳೆಯ ಸಾಲಿಗೇ ಬಂತು. ರೋಗಿಯೇ ಕಳಿಸಿದ್ದು ಇದೆಯಲ್ಲ ಎಂದರು.

ಕುಶಲ ಬಾಯಿ ತೆರೆಯುವ ಮೊದಲು ಅಧ್ಯಕ್ಷೆ ಕೈ ಎತ್ತಿದರು. ಅದಕ್ಕೆ ಉತ್ತರ ನಿಮ್ಮ ಹೆಂಡತಿ ಕೊಟ್ಟಾಗಿದೆ ಎಂದರು. ಇಷ್ಟು ಹೊತ್ತು ಆಕೆ ಹೇಳಿದ್ದು ನಿಮ್ಮ ಮೇಲಿನ ದೂರು ಎಂದು ಅವಳ ಮಾತನ್ನೇ ಓದಿದರು: ಮದುವೆಯಾದಾಗಿನಿಂದ ಮೊದಲು ತಂಗಿಯ ಮನೆಯ ಬಾಡಿಗೆ, ಆಮೇಲೆ ನಮ್ಮದು. ಆ ಹುಡುಗ ಪ್ರತಿ ತಿಂಗಳು ಕಳಿಸಿದ ಸಂಬಳಕ್ಕೆ ಇವರದನ್ನೂ ಸೇರಿಸಿ ಅವನ ತಾಯಿಗೇ ಕೊಟ್ಟು ಬರುತ್ತಾರೆ. ಮಗಳು ಯಶ್ಮಿತಾಗೆ ಸ್ಕೂಟರು ಕೊಡಿಸಲು ದುಡ್ಡಿಲ್ಲ, ಸೋದರಳಿಯನಿಗೆ ಕೊಡಿಸಿದರು. ತೆಗೆದುಕೊಳ್ಳುವ ಬುದ್ಧಿ ಈ ಮನುಷ್ಯನಿಗೆ ಇದ್ದಿದ್ದರೆ ನಾವು ಇನ್ನೂ ಬಾಡಿಗೆ ಮನೆಯಲ್ಲಿ ಇರುತ್ತಿದ್ದೆವಾ, ನೀವೇ ಹೇಳಿ ಎಂದು ಆಕೆ ಸಮಿತಿಯನ್ನೇ ಕೇಳಿದ್ದಳಂತೆ.

ನಿವೃತ್ತ ಅಧಿಕಾರಿ ಬ್ಯಾಂಕಿನ ಹಾಳೆಯನ್ನು ಕೆಳಗಿಟ್ಟರು. ಹೊಗಳಿಕೆಯನ್ನು ಕಲಿಸಿ ಕರೆತರುವವರನ್ನು ಅವರು ಎಷ್ಟೋ ನೋಡಿರಬೇಕು; ಇಂಥ ಬೈಗುಳವನ್ನು ಯಾರೂ ಕಲಿಸಿರಲಾರರು.

‘ಆದರೆ ಒಪ್ಪಿಗೆಯ ಪತ್ರಕ್ಕೆ ಆಕೆ ಇನ್ನೂ ಸಹಿ ಹಾಕಿಲ್ಲ’ ಎಂದರು ಅಧ್ಯಕ್ಷೆ. ‘ನೀವು ಕೇಳಲೇ ಇಲ್ಲವಂತೆ. ಹೌದೇ?’

ಕುಶಲ ಹೆಂಡತಿಯ ಕಡೆ ತಿರುಗಿದ. ಅವಳು ಮೇಜಿನ ಮೇಲಿನ ಕಾಗದವನ್ನು ನೋಡುತ್ತಿದ್ದಳು. ಇಷ್ಟು ವರ್ಷ ಹೇಳಿದ್ದನ್ನೆಲ್ಲ ಅವನು ನೆನಪಿಸಿಕೊಂಡ: ಬಾಡಿಗೆ ಕಟ್ಟಿದೆ, ಸ್ಕೂಟರು ಕೊಡಿಸಿದೆ, ಮ್ಯಾಚ್ ಆಗಿದೆ. ಎಲ್ಲವೂ ಮುಗಿದ ಮೇಲಿನ ಸುದ್ದಿಗಳು. ಒಂದೂ ಪ್ರಶ್ನೆಯಾಗಿರಲಿಲ್ಲ. ಈಗ ಅವಳು ಇಲ್ಲ ಎಂದರೆ, ಅದು ಅವಳ ಹಕ್ಕು. ಕೆಳಗಿನ ಮಹಡಿಯ ಹುಡುಗನಿಗೆ ಬೇರೆ ದಾರಿಯಿರಲಿಲ್ಲ.

‘ಹರ್ಷಾ, ಸುದೀಪನಿಗೆ ಕೊಡಬೇಕು ಅಂತ ಉಂಟು’ ಎಂದ. ‘ಕೊಡಲಾ?’

ಅವಳು ಕಾಗದದಿಂದ ಕಣ್ಣೆತ್ತಿದಳು.

‘ನಾಳೆ ನಮ್ಮ ಯಶ್ಮಿತಾಗೆ ಬೇಕಾದರೆ?’

ಅಂಥದ್ದೊಂದು ಸಾಧ್ಯತೆಯನ್ನು ಅವನು ಒಮ್ಮೆಯೂ ಯೋಚಿಸಿರಲಿಲ್ಲ; ಅವಳು ಇಷ್ಟು ದಿನ ಅದೊಂದನ್ನೇ ಯೋಚಿಸಿದ್ದಳು. ‘ಗೊತ್ತಿಲ್ಲ’ ಎಂದ, ಸುಳ್ಳು ಹೇಳಲಾಗದೆ.

ಕ್ಯಾಮರಾದ ಸಣ್ಣ ಕೆಂಪು ದೀಪ ಉರಿಯುತ್ತಲೇ ಇತ್ತು.

‘ಆಗ ನಂದು ಉಂಟಲ್ಲ’ ಎಂದಳು ಹರ್ಷಾ, ತನಗೇ ಹೇಳಿಕೊಂಡಂತೆ. ಪೆನ್ನು ಎತ್ತಿಕೊಂಡಳು. ‘ಕೇಳಲಿಕ್ಕೆ ಇಷ್ಟು ಜನ ಬೇಕಾಯಿತು ನಿಮಗೆ.’

ಸಹಿ ಹಾಕಿದಳು. ಅಧ್ಯಕ್ಷೆ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, ಉಳಿದ ಸದಸ್ಯರ ಮುಖ ನೋಡಿ, ತಮ್ಮದೂ ಹಾಕಿದರು. ಶಸ್ತ್ರಚಿಕಿತ್ಸೆಯ ದಿನವನ್ನು ವೈದ್ಯರೇ ತಿಳಿಸುತ್ತಾರೆ ಎಂದರು. ಹುಡುಗನ ದೇಹ ಅದನ್ನು ಒಪ್ಪುತ್ತದೋ ಇಲ್ಲವೋ ಎಂಬುದು ಇನ್ನು ಸಮಿತಿಯ ಕೈಯಲ್ಲಿರಲಿಲ್ಲ. ಯಾರ ಕೈಯಲ್ಲೂ ಪೂರ್ತಿಯಾಗಿ ಇರಲಿಲ್ಲ.

ಹೊರಗೆ ಬಂದಾಗ ವಸಂತಿ ಎದ್ದು ನಿಂತಿದ್ದಳು. ಏನೆಂದು ಕೇಳುವ ಧೈರ್ಯವಿಲ್ಲದೆ ಅಣ್ಣನ ಮುಖವನ್ನೂ ಅತ್ತಿಗೆಯ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. ಹರ್ಷಾ ಮುಂದೆ ಹೋಗಿ ಅವಳ ತೋಳು ಹಿಡಿದಳು.

‘ಆಯಿತು, ಅನುಮತಿ ಕೊಟ್ಟರು. ಬಾ, ಮೊದಲು ಚಾ ಕುಡಿಯುವಾ’ ಎಂದಳು. ಕುಶಲನ ಕೈ ಅಭ್ಯಾಸಬಲದಿಂದ ಅಂಗಿಯ ಜೇಬಿಗೆ ಹೋದದ್ದನ್ನು ನೋಡಿ, ತನ್ನ ಪರ್ಸಿನ ಜಿಪ್ಪು ಎಳೆದಳು. ‘ಬೇಡ, ನಿಮ್ಮ ಖಾತೆಯ ಸಹವಾಸ ಸಾಕು. ಇವತ್ತಿನದು ನಾನು ಕೊಡುತ್ತೇನೆ.’