ಮುದಲಗಿಯ ಆಯಿ ಆಡಿದ ಮೂರು ಮಾತು

“ದೇವರು ನನ್ನ ಸಂಗಡ ಮಾತಾಡಿದರು” ಎಂದು ಯಾರಾದರೂ ಸಭೆಯಲ್ಲಿ ಸಾಕ್ಷಿ ಹೇಳುವಾಗ ನಾನು ತಲೆ ಬಾಗಿಸಿ ಕೂರುತ್ತಿದ್ದೆ. ಅದು ಭಕ್ತಿಯಿಂದಲ್ಲ, ಮುಖದಲ್ಲಿರುವ ಅಪನಂಬಿಕೆ ಯಾರಿಗೂ ಕಾಣಬಾರದೆಂದು. ನಾನು ಹುಟ್ಟು ಕ್ರೈಸ್ತಳು, ಪ್ರಾರ್ಥನೆ ತಪ್ಪಿಸಿದವಳಲ್ಲ. ಆದರೆ ಗೋಕಾಕದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವುದು ನನ್ನ ಕೆಲಸ, ಅನುಮಾನ ಬಂದದ್ದನ್ನು ಎರಡನೆಯ ಸಲ ನೋಡದೆ ಬರೆಯುವುದಿಲ್ಲ. ದಿನಚರಿಯನ್ನೂ ಹಾಗೆಯೇ ಬರೆಯುತ್ತೇನೆ: ತಾರೀಖು, ಏನಾಯಿತು, ಯಾರು ಏನೆಂದರು, ಅಷ್ಟೇ. ಈಗ ಹೇಳುವುದನ್ನೂ ನಡೆದ ದಿನವೇ ಬರೆದಿಟ್ಟಿದ್ದೆ. ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು.

ಆಗ ನನಗೊಂದು ಸಂಬಂಧ ಬಂದಿತ್ತು. ಹುಡುಗ ಪ್ರಶಾಂತ, ಹುಕ್ಕೇರಿಯಲ್ಲಿ ಇರುವವನು. ಪ್ರಾರ್ಥನಾ ಕೂಟಗಳಲ್ಲಿ ಹಾಡುತ್ತಿದ್ದ, ಉಪದೇಶವನ್ನೂ ಮಾಡುತ್ತಿದ್ದ. ಅವನು ಹಾಡಿದರೆ ಹಿಂದಿನ ಸಾಲಿನವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಮೂಲತಃ ಕಣಗಲಾದವನು, ತಂದೆತಾಯಿ ಇಬ್ಬರೂ ಇಲ್ಲ ಎಂದು ಹೇಳಿದ್ದ. ತಾಯಿಯಿಲ್ಲದವನು ಎಂದು ಎಲ್ಲರಿಗೂ ಅವನ ಮೇಲೆ ಇನ್ನಷ್ಟು ಮಮತೆ.

ಮದುವೆಯ ವಿಷಯದಲ್ಲಿ ದೈವಭಕ್ತರ ಆಲೋಚನೆ ಕೇಳಬೇಕೆಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ನಾನು ಕೇಳಿದೆ. ದಿನಚರಿಯ ಪುಟದ ನಡುವೆ ಒಂದು ಗೆರೆ ಎಳೆದು, ‘ಆಗಲಿ’ ಎಂದವರಿಗೆ ಎಡಕ್ಕೆ, ‘ಬೇಡ’ ಎಂದವರಿಗೆ ಬಲಕ್ಕೆ ಒಂದೊಂದು ಗೀಟು ಹಾಕುತ್ತ ಹೋದೆ. ಎಡಗಡೆ ತುಂಬಿತು. ಬಲಗಡೆ ಖಾಲಿ. ಅಪ್ಪ ಅದನ್ನು ನೋಡಿ, “ಇಲೆಕ್ಷನ್ ಗೆದ್ದ ಬಿಡವಾ ಅಂವ,” ಎಂದು ನಕ್ಕರು.

ಅಮ್ಮ ಮಾತ್ರ, “ಮುದಲಗಿ ಆಯಿನ ಒಮ್ಮೆ ಕೇಳಿ ಬಾ,” ಎಂದಳು.

“ಆಯಿಗೆ ಮಾತ ಎಲ್ಲಿ ಅದಾವ?”

“ಕಿವಿ ಅದಾವಲ್ಲ. ಹೋಗು.”

ಆಯಿ ನಮ್ಮ ಸಭೆಯ ಹಿರಿಯಳು. ಆಕೆ ಎಂದೂ ‘ದೇವರು ಹೇಳಿದ’ ಎನ್ನುತ್ತಿರಲಿಲ್ಲ. ಕೇಳಲು ಹೋದವರನ್ನು ಆಕೆಯೇ ಕೇಳುತ್ತಿದ್ದಳು, ಆಮೇಲೆ ಸುಮ್ಮನೆ ಪ್ರಾರ್ಥಿಸಿ ಕಳಿಸುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ಲಕ್ವಾ ಹೊಡೆದು ಮಾತೆಲ್ಲ ಹೋಗಿ ಒಂದೇ ಪದ ಉಳಿದಿತ್ತು: ‘ತಡಿ’. ಅಂದರೆ ನಿಲ್ಲು, ಅವಸರ ಬೇಡ. ಆಕೆ ಹಾಗಂದಾಗ ಬೇಕಾದ್ದು ನೀರೋ ಕಂಬಳಿಯೋ ಎಂದು ಮನೆಯವರೇ ಊಹಿಸಬೇಕಿತ್ತು. ಊರಿನವರಿಗೆ ಮಾತ್ರ ಅದು ದೊಡ್ಡ ಸಲಹೆಯಾಗಿಬಿಟ್ಟಿತ್ತು.

ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ನಾನು ಹೋದಾಗ ಆಯಿಯ ಸೊಸೆ ಸುಗುಣಾ ಕಾಕೂ ಅದನ್ನೇ ಹೇಳಿ ನಕ್ಕರು. “ಚಾ ಕುಡೀತಿರೇನ್ರಿ ಅತ್ತಿ ಅಂದ್ರ ತಡಿ. ಬೆಕ್ಕ ಹಾಲಿಗೆ ಬಾಯಿ ಹಾಕಿದ್ರ ತಡಿ. ಬಾಜೂ ಮನಿ ಬಸಪ್ಪ ಎಮ್ಮಿ ಕೊಳ್ಳಲೇನ್ರಿ ಅಂತ ಕೇಳಿದ. ತಡಿ ಅಂದ್ರು. ಇನ್ನೂ ತಡದ ಕುಂತಾನ, ಎಮ್ಮಿ ಮಂದಿ ಪಾಲಾತು! ನಿನಗೂ ತಡಿ ಅಂತಾರ, ಸಿಟ್ಟಾಗಬ್ಯಾಡ.” ಹಾಗೆಂದು ಚಹಾ ಮಾಡಲು ಒಳಗೆ ಹೋದರು.

ಆಯಿ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಬೀದಿಯಲ್ಲಿ ಕುರಿ ಹಿಂಡು ಹೋಗುತ್ತಿತ್ತು, ಅದನ್ನೇ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಪ್ರಶಾಂತನ ವಿಷಯ ಹೇಳಿದೆ. ಹೆಚ್ಚು ಹೇಳಲೂ ಇಲ್ಲ. ಅಮ್ಮನ ಮಾತು ನಡೆಸಿದಂತಾಯಿತು ಎಂದುಕೊಂಡು ಏಳಬೇಕೆನ್ನುವಷ್ಟರಲ್ಲಿ ಆಯಿ ನನ್ನ ಕಡೆ ತಿರುಗಿದಳು. ಸೊಟ್ಟಗಾಗಿದ್ದ ಬಾಯಿ ಸೊಟ್ಟಗೇ ಇತ್ತು. ಅದರಿಂದ ಬಂದ ಮಾತು ಮಾತ್ರ ಸ್ಪಷ್ಟವಾಗಿತ್ತು.

“ಅವನ ಅವ್ವನ್ನ ಕೇಳಿದೇನ? ಆಕಿನ್ನ ಕೇಳು. ಆಕಿ ನಿನ್ನ ಹಾದಿ ನೋಡಾಕತ್ತಾಳ.”

ಮೂರೇ ಮಾತು. ಆಮೇಲೆ ಮತ್ತೆ ಬೀದಿಯ ಕಡೆ ಮುಖ ಮಾಡಿದಳು. ಕಾಕೂ ಹೊರಗೆ ಬಂದು, “ಯಾರ್ ಬಂದಿದ್ರ? ಮಾತ ಕೇಳಿದಂಗಾತು,” ಎಂದರು. ಆಯಿಯೇ ಮಾತಾಡಿದಳೆಂದೆ. ಕಾಕೂ ಓಡಿಬಂದು ಅತ್ತೆಯ ಮುಂದೆ ಕೂತು, “ಅತ್ತಿ, ಏನಂದ್ರಿ? ನನ್ನ ಸಂಗಾಟಾನೂ ಮಾತಾಡ್ರಿ,” ಎಂದು ಗೋಗರೆದರು. ಆಯಿ ‘ತಡಿ’ ಎಂದಳು.

ಬಸ್ಸಿನಲ್ಲಿ ಬರುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಲಕ್ವಾ ಆದವರಿಗೆ ಒಮ್ಮೊಮ್ಮೆ ಮಾತು ಮರಳುವುದುಂಟು. ಮಾತು ಬಂತು, ಆದರೆ ತಪ್ಪು ಮಾತು ಬಂತು. ಸತ್ತುಹೋದ ತಾಯಿಯನ್ನು ಕೇಳುವುದು ಹೇಗೆ? ಇದನ್ನು ಎಡಕ್ಕೂ ಬರೆಯಲಾಗದೆ ಬಲಕ್ಕೂ ಬರೆಯಲಾಗದೆ ಗೆರೆಯ ಮೇಲೆಯೇ ಬರೆದೆ.

ಮರುದಿನ ಪ್ರಶಾಂತ ಫೋನ್ ಮಾಡಿದ. ಮಾತಿನ ನಡುವೆ, “ನಿಮ್ಮ ಅವ್ವ ಎಂಥವರಿದ್ರು?” ಎಂದು ಕೇಳಿದೆ. ನೆನಪು ಕೇಳಿದ್ದೆ, ಅಷ್ಟೇ. ಅವನು, “ಯಾರ್ ಹೇಳಿದ್ರ ನಿನಗ?” ಎಂದ.

ಸತ್ತವರ ವಿಷಯ ಕೇಳಿದರೆ ಹಾಗೆ ಯಾರೂ ಉತ್ತರಿಸುವುದಿಲ್ಲ. ಆ ವಾರವೇ ರಜೆ ಹಾಕಿ, ಮನೆಯಲ್ಲಿ ಅಮ್ಮನಿಗೆ ಮಾತ್ರ ತಿಳಿಸಿ, ಹುಕ್ಕೇರಿ ಮಾರ್ಗವಾಗಿ ಕಣಗಲಾಕ್ಕೆ ಹೋದೆ. ಹೆದ್ದಾರಿಯ ಪಕ್ಕದ ಚಹಾದಂಗಡಿಯಲ್ಲಿ ಅವನ ಮನೆತನದ ಹೆಸರು ಹೇಳಿದ್ದೇ ತಡ, “ಪ್ರಶಾಂತನ ಅವ್ವ, ಮರಿಯವ್ವನ ಮನಿನಾ? ಹಿಂದ ಐತಿ ನೋಡ್ರಿ,” ಎಂದು ಕೈ ತೋರಿಸಿದರು.

ಮರಿಯವ್ವ ಹೊಸ್ತಿಲಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು, ಒಂದೇ ಕೈಯಲ್ಲಿ. ಎಡಗೈ ಮೊಣಕೈಯಲ್ಲಿ ಮಡಚಿಕೊಂಡು ಹಾಗೆಯೇ ನಿಂತಿತ್ತು. ನಾನು ಯಾರೆಂದು ಹೇಳಿ, “ನಿಮ್ಮ ಮಗನ್ನ ಮಾಡ್ಕೊಳ್ಳೂದೋ ಬ್ಯಾಡೋ ಕೇಳಾಕ ಬಂದೇನ್ರಿ,” ಎಂದೆ. ಅವರು ಮೆಣಸಿನಕಾಯಿ ಕೆಳಗಿಟ್ಟು ನನ್ನನ್ನು ನೋಡಿದರು.

“ಚಲೋ ಹಾಡತಾನ, ಅದು ಖರೆ. ಸಿಟ್ಟ ಬಂದ್ರ ಅವನ ಕೈ ಯಾರ ಮಾತೂ ಕೇಳೂದಿಲ್ಲ. ಇದನ್ನ ಅವನೇ ಮುರದದ್ದು,” ಎಂದು ಎಡಗೈ ತೋರಿಸಿದರು. “ಹಡದಾಕಿ ಹೇಳಾಕತ್ತೇನಿ, ಮಗಳ. ಬ್ಯಾಡ.”

ನಾನು ಹೊಸ್ತಿಲ ಬಳಿ ಕೂತೆ. ಅವರೇ ಮುಂದುವರಿಸಿದರು. “ಗೋಕಾಕ ಕಡೆ ಹೆಣ್ಣ ನೋಡ್ಯಾನ ಅಂತ ಸುದ್ದಿ ಬಂದಿತ್ತು. ನಾನಾಗೇ ಬಂದ ಹೇಳಿದ್ರ ಹೆತ್ತ ಮಗನ ಮ್ಯಾಲೆ ಚಾಡಿ ಹೇಳಿದಂಗ. ಯಾರರ ಬಂದ ಕೇಳಿದ್ರ ಸುಳ್ಳ ಹೇಳೂದಿಲ್ಲ ಅಂತ ದೇವರ ಮುಂದ ಅಂದಿದ್ನಿ. ಕೇಳಾಕ ಒಬ್ಬರನ್ನ ಕಳಸಪಾ ಅಂತ ದಿನಾ ಬೇಡಾಕತ್ತಿದ್ನಿ. ನಿನ್ನ ಯಾರ್ ಕಳಿಸಿದ್ರವಾ?”

ನಾನು ಮುದಲಗಿಯ ಆಯಿಯ ಹೆಸರು ಹೇಳಿದೆ. ಅವರು ಆ ಹೆಸರನ್ನೇ ಕೇಳಿರಲಿಲ್ಲ. ಮುದಲಗಿಗೂ ಎಂದೂ ಹೋದವರಲ್ಲ.

ಅಪ್ಪ ಮೊದಲು ನಂಬಲಿಲ್ಲ. ತಾವೇ ಕಣಗಲಾಕ್ಕೆ ಹೋಗಿ ಬಂದರು. ಬಂದವರು ಕೈಕಾಲು ತೊಳೆದುಕೊಂಡು, ಊಟ ಮಾಡದೆ, ಹುಕ್ಕೇರಿಗೆ ಫೋನ್ ಮಾಡಿ ಸಂಬಂಧ ಬೇಡವೆಂದರು.

ನಾನು ಕೇಳಿದವರಾರೂ ಕೆಟ್ಟವರಲ್ಲ. ಆದರೆ ಅವರೆಲ್ಲ ಅವನ ಹಾಡು ಕೇಳಿದವರು. ಅವನ ಮನೆ ಕಂಡವರು ಒಬ್ಬರೂ ಇರಲಿಲ್ಲ. ಅಂಥವರನ್ನೇ ಹುಡುಕಿ ಹುಡುಕಿ ಕೇಳಿದವಳು ನಾನು. ಇಷ್ಟು ನನಗೆ ಅರ್ಥವಾಗುತ್ತದೆ. ಉಳಿದದ್ದು ಆಗುವುದಿಲ್ಲ. ಸುಗುಣಾ ಕಾಕೂ ಅವರನ್ನು ಬಿಡದೆ ವಿಚಾರಿಸಿದೆ. ಲಕ್ವಾಕ್ಕೆ ಮೊದಲೂ ಆಯಿ ಆ ಕಡೆ ಹೋದದ್ದಿಲ್ಲ, ಕಣಗಲಾದಿಂದ ಮನೆಗೆ ಯಾರೂ ಬಂದದ್ದಿಲ್ಲ. ಲ್ಯಾಬಿನ ಡಾಕ್ಟರರನ್ನು ಕೇಳಿದರೆ ಮಾತು ಮರಳುವುದಕ್ಕೆ ಕಾರಣ ಹೇಳಿದರು, ಆ ಮಾತಿಗೆ ಹೇಳಲಿಲ್ಲ. ಆಯಿ ಮರುವರ್ಷ ತೀರಿಕೊಂಡಳು. ನನಗೆ ತಿಳಿದಂತೆ ಅಷ್ಟರಲ್ಲಿ ‘ತಡಿ’ ಬಿಟ್ಟು ಯಾರೊಂದಿಗೂ ಇನ್ನೊಂದು ಮಾತು ಆಡಲಿಲ್ಲ.

ಮರಿಯವ್ವನಿಗೆ ನಾನು ಈಗಲೂ ಆಗಾಗ ಫೋನ್ ಮಾಡುತ್ತೇನೆ. ಆರೋಗ್ಯ, ಮಳೆ, ಮೆಣಸಿನಕಾಯಿ ಎಂದು ಮಾತಾಡುತ್ತೇವೆ. ಕೊನೆಗೆ ಅವರು, “ಆ ಆಯಿಗೆ ನಾ ಹೆಂಗ ಗೊತ್ತಾದ್ನಿ ಮಗಳ?” ಎನ್ನುತ್ತಾರೆ. “ಗೊತ್ತಿಲ್ರಿ ಅವ್ವಾ,” ಎನ್ನುತ್ತೇನೆ. ಆದರೂ ಸ್ವಲ್ಪ ಹೊತ್ತು ಇಬ್ಬರೂ ಫೋನ್ ಇಡುವುದಿಲ್ಲ.