ಬಾನೆಟ್ಟಿನ ಕೆಂಪು

ಹಣೆಯ ಮೇಲೆ ಅಡ್ಡಲಾಗಿ ವಿಭೂತಿ, ಬಲಹುಬ್ಬಿನ ಮೇಲೆ ಕಾರಿನ ಕೆಂಪು ಬಣ್ಣದ ಒಂದು ಹನಿ, ಉಗುರಿನ ಸಂದುಗಳಲ್ಲೂ ಅದೇ ಕೆಂಪು. ನಮ್ಮೂರು ತುರೋರಿಯ ಮನೆಯ ಅಂಗಳದಲ್ಲಿ ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು, ಬಾನೆಟ್ಟಿನ ಮೇಲೆ ಬಾಗಿ ನಿಂತಿದ್ದ ನಮ್ಮ ವೈನಿಯನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ದುಃಖವಲ್ಲ, ಸಿಟ್ಟು.

ವೈನಿ ನನ್ನ ಹಿರಿಯಣ್ಣನ ಹೆಂಡತಿ. ಅಣ್ಣ ತೀರಿಕೊಂಡಾಗ ಅವನ ಕಾರನ್ನು ಮಾರಿಬಿಡುವಂತೆ ಬಂಧುಗಳೆಲ್ಲ ಉಪದೇಶ ಮಾಡಿದರು. ಅವರು ಮಾರಲಿಲ್ಲ, ನಡೆಸಲು ಕಲಿತರು. ಅದರಲ್ಲೇ ಹೊಲಕ್ಕೆ ಹೋದರು. ಅದರಲ್ಲೇ ನನ್ನ ತಂಗಿಯ ಮಗಳನ್ನು ಉಮರ್ಗಾದ ಕಾಲೇಜಿಗೆ ಬಿಟ್ಟು ಕರೆತಂದರು. ಹುಡುಗಿ ಹೆಸರಿಗೆ ಉದಗೀರದವಳು, ಬೆಳೆದದ್ದು ವೈನಿಯ ಮಡಿಲಲ್ಲಿ. ಆಗ ಯಾರಿಗೂ ಆ ಕಾರಿನಲ್ಲಾಗಲಿ ಅದನ್ನು ನಡೆಸುವ ಕೈಯಲ್ಲಾಗಲಿ ದೋಷ ಕಾಣಲಿಲ್ಲ. ಮಗಳನ್ನು ಓದಿಸುವ ಹೊಣೆ ಇನ್ನೊಬ್ಬರ ಮೇಲಿರುವ ತನಕ ದೋಷ ಕಾಣುವುದೂ ಇಲ್ಲ.

ಮದುಮಗಳನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಮನೆಯ ಗಾಡಿ. ಇದು ನಮ್ಮ ಮನೆತನದ ರೂಢಿ. ಹುಡುಗಿಗೆ ನಿಲಂಗಾದ ಸಂಬಂಧ ಗೊತ್ತಾದಾಗ, ಕಾರನ್ನು ತಾವೇ ನಡೆಸಿಕೊಂಡು ಹೋಗಿ ಅವಳನ್ನು ಮಂಟಪದಲ್ಲಿ ಇಳಿಸಬೇಕೆಂಬುದೊಂದೇ ವೈನಿಯ ಆಸೆಯಾಗಿತ್ತು. ಲಗ್ನ ಹತ್ತಿರವಾದಾಗ ನನ್ನ ತಂಗಿಯ ಗಂಡ, ಹುಡುಗಿಯ ತಂದೆ, ಫೋನು ಮಾಡಿದ. ನಾನು ವೈನಿಯ ಪಕ್ಕದಲ್ಲೇ ಕುಳಿತಿದ್ದೆ, ಎರಡೂ ಕಡೆಯ ಮಾತು ಕೇಳುತ್ತಿತ್ತು.

"ವೈನಿ, ನಿಮ್ಮ ಗಾಡಿ ಬ್ಯಾಡ್ರಿ. ಬಾನೆಟ್ ಪೂರಾ ಬೆಳ್ಳಗಾಗ್ಯಾದ. ಬೀಗರು ನೋಡಿದ್ರ ನಗ್ತಾರ."

"ಬಾನೆಟ್ಟಿಂದಷ್ಟೇ ತಕರಾರೇನ್ರಿ?"

"ಹೂಂರಿ, ಅಷ್ಟೇ. ಮತ್ತೇನದ?"

"ಬರಂ, ಆಗ್ಲಿ," ಎಂದು ವೈನಿ ಫೋನು ಕೆಳಗಿಟ್ಟರು. ನಿವೃತ್ತ ಶಿಕ್ಷಕನಾದ ನನ್ನನ್ನು ಅವರು ಗುರುಜಿ ಎಂದೇ ಕರೆಯುತ್ತಿದ್ದರು. "ಗುರುಜಿ, ಉಮರ್ಗಾಕ್ಕ ಹೋಗಿ ಪಾಲಿಶ್ ಪೇಪರ್ ತರ್ರಿ. ಖರಖರಾದೂ ಬೇಕು, ನುಣ್ಣಂದೂ ಬೇಕು."

"ವೈನಿ, ಅಂವಾ ಹೇಳಿದ್ದು ಬರೇ ನೆವ."

"ಗೊತ್ತದ. ನೆವ ಉಜ್ಜಿ ತೆಗೀತೀನಿ. ಕೆಳಗ ಏನದ, ನೋಡೋಣಲ್ಲ."

ಬಾನೆಟ್ಟಿನ ಕೆಂಪು ಬಿಸಿಲಿಗೆ ಸುಟ್ಟು ಗುಲಾಬಿಯಾಗಿ, ಮೇಲಿನ ಹೊಳಪಿನ ಪೊರೆ ಹಾವಿನ ಪೊರೆಯಂತೆ ಎದ್ದಿತ್ತು. ವೈನಿ ಮೊದಲು ಅದನ್ನು ಸೋಪಿನ ನೀರಿನಿಂದ ತೊಳೆದು ಜಿಡ್ಡು ಬಿಡಿಸಿದರು. ಎದ್ದ ಪೊರೆಯನ್ನು ಖರಖರಾ ಕಾಗದದಿಂದ ಕಿತ್ತು, ಅಂಚುಗಳು ಬೆರಳಿಗೆ ತಗಲದಂತಾಗುವವರೆಗೆ ನುಣ್ಣನೆಯ ಕಾಗದವನ್ನು ನೀರಿನಲ್ಲಿ ಅದ್ದಿ ಅದ್ದಿ ಉಜ್ಜಿದರು. ಗಾಜಿಗೂ ದೀಪಗಳಿಗೂ ಹಳೆಯ ಪೇಪರು ಅಂಟಿಸಿ, ಬೂದಿ ಬಣ್ಣದ ಪ್ರೈಮರ್ ಹೊಡೆದು ಒಣಗಿಸಿದರು. ಬಾಗಿಲ ಸಂದಿನ ಪಟ್ಟಿಯಲ್ಲಿದ್ದ ಬಣ್ಣದ ಸಂಖ್ಯೆಯನ್ನು ಅಂಗಡಿಗೆ ಕೊಟ್ಟು ತರಿಸಿದ ಸ್ಪ್ರೇ ಡಬ್ಬಿಯಿಂದ ತೆಳ್ಳಗೆ ಕೆಂಪು ಹೊಡೆದರು.

ಅಂದೇ ಪಕ್ಕದ ಕಣದಲ್ಲಿ ತೊಗರಿ ರಾಶಿ. ಗಾಳಿ ತಿರುಗಿ, ಹಸಿ ಬಣ್ಣದ ಮೇಲೆಲ್ಲ ಹೊಟ್ಟು ಕುಳಿತಿತು. ನಾನು ಕಣದವರನ್ನು ಬೈಯಲು ಎದ್ದೆ. ವೈನಿ ತಡೆದರು: "ಅವರ ರಾಶಿ ಅವರು ಮಾಡ್ಲಿ. ಗಾಳಿ ನೋಡ್ದೇ ಹೊಡದದ್ದು ನಂದೇ ತಪ್ಪು." ಬಣ್ಣ ಒಣಗಿದ ಮೇಲೆ ಎಲ್ಲವನ್ನೂ ಮತ್ತೆ ಉಜ್ಜಿ ತೆಗೆದರು. ರಾಶಿ ಮುಗಿದ ಮೇಲೆ, ಧೂಳೇಳದಂತೆ ಅಂಗಳಕ್ಕೆ ನೀರು ಹೊಡೆದು ಮೊದಲಿನಿಂದ ಶುರುಮಾಡಿದರು.

ಎದುರುಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನ್ರಿ ವೈನಿ, ಕೈಗೆ ಮೆಹೆಂದಿ ಹಚ್ಕೊಂಡೀರೇನು?" ಎಂದು ಕೆಣಕಿದಳು.

"ಹೂಂ ಮತ್ತ! ಗಾಡಿದು ಎರಡನೇ ಲಗ್ನ. ನೀ ಆರತಿ ಹಿಡ್ಕೊಂಡು ಬಾ."

ಕೊನೆಗೆ ಹೊಳಪಿನ ಲ್ಯಾಕರ್ ಬಿತ್ತು. ಬಾನೆಟ್ಟಿನಲ್ಲಿ ಅಂಗಳದ ಬೇವಿನ ಮರದ ಎಲೆಎಲೆಯೂ ಕಾಣುತ್ತಿತ್ತು.

ಲಗ್ನದ ಬೆಳಿಗ್ಗೆ ಉದಗೀರದ ಮನೆಯ ಮುಂದೆ ಕಾರು ನಿಂತಾಗ ನನ್ನ ತಂಗಿಯ ಗಂಡ ಅದರ ಸುತ್ತ ಸುತ್ತಿದ. ಬಾಗಿ ನೋಡಿದ, ಬೆರಳಾಡಿಸಿದ. ತಪ್ಪು ಹುಡುಕುವವನಿಗೆ ತಪ್ಪು ಸಿಗದಿದ್ದರೆ ಮುಖ ಹೇಗಾಗುತ್ತದೆಂಬುದನ್ನು ನಾನು ಅಂದು ಕಣ್ತುಂಬ ಕಂಡೆ.

"ರಂಗಿನಾಗ ಕಮ್ಮಿ ಇದ್ರ ಹೇಳ್ರಿ," ಎಂದರು ವೈನಿ.

"ರಂಗು ಛಂದ ಅದರಿ. ಆದ್ರ..."

"ಆದ್ರ? ಎಲ್ಲಾರೂ ಕೇಳೂ ಹಂಗ ಹೇಳ್ರಿ."

ಅವನು ನೆಲ ನೋಡುತ್ತ ಅಂದ: "ತಿಳದವರು ನೀವು. ಮದುಮಗಳನ್ನ ಮುತ್ತೈದಿ ಕರ್ಕೊಂಡ್ ಹೋಗ್ಬೇಕ್ರಿ. ನಿಮ್ಮ ಕೈಲಿಂದ ಹ್ಯಾಂಗ..."

ಕೊರಳಲ್ಲಿ ಲಿಂಗ ಧರಿಸಿದವನ ಬಾಯಿಂದ ಈ ಮಾತು! ವೈನಿ ತೋಳು ನೀವಿಕೊಂಡು, "ಇದನ್ನ ಫೋನಿನಾಗೇ ಹೇಳಿದ್ರ ನನ್ನ ರಟ್ಟಿ ಉಳೀತಿತ್ತಲ್ರೀ," ಎಂದರು. ಕೆಲವರು ನಕ್ಕರು. ಹೂವಿನಿಂದ ಸಿಂಗರಿಸಿದ ಬಾಡಿಗೆ ಕಾರಿನಲ್ಲಿ ಆಗಲೇ ಕುಳಿತಿದ್ದ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಬಾಗಿಲು ತೆರೆಯಲಿಲ್ಲ.

ವೈನಿ ಹಿಂದಿರುಗಲಿಲ್ಲ. ನನ್ನನ್ನು ಕೂರಿಸಿಕೊಂಡು ನಿಲಂಗಾದ ಮಂಟಪದ ತನಕ ಆ ಬಾಡಿಗೆ ಕಾರಿನ ಹಿಂದೆಯೇ ನಡೆಸಿದರು. ಅಕ್ಷತೆ ಹಾಕಿ, ಪಂಕ್ತಿಯಲ್ಲಿ ಕುಳಿತು, ಹೊಟ್ಟೆ ತುಂಬ ಉಂಡು ಎದ್ದರು. ನಾನು ಆ ಲಗ್ನದ ಅನ್ನ ಮುಟ್ಟಲಿಲ್ಲ.

ವೈನಿ ಹೋದ ವರ್ಷ ಲಿಂಗೈಕ್ಯರಾದರು. ಶಿವಗಣಾರಾಧನೆಯ ದಿನ ಅದೇ ಮನುಷ್ಯ ಎದ್ದುನಿಂತು, "ವೈನಿ ನಮ್ಮ ಪಾಲಿನ ತಾಯಿ, ಅವರಿಗೆ ನಾವೆಂದೂ ಕಮ್ಮಿ ಮಾಡಿಲ್ಲ," ಎಂದು ಭಾಷಣ ಮಾಡಿದ. ನಾನು ಎದ್ದೆ.

"ಉದಗೀರದಾಗ ಅವರಿಗೆ ಏನಂದಿದ್ರಿ, ಅದನ್ನೂ ಹೇಳ್ರಿ."

"ಗುರುಜಿ, ಆಗಿಹೋದ ಮಾತು ಈಗ್ಯಾಕ್ರಿ?"

"ನೀವು ಹೇಳ್ದಿದ್ರ ನಾ ಹೇಳ್ತೀನಿ."

ಕುಳಿತುಕೊಳ್ಳಿರೆಂದು ಹಿರಿಯರು ತೋಳು ಹಿಡಿದು ಎಳೆದರು. ನಾನು ಕೂರಲಿಲ್ಲ. ಬಾನೆಟ್ಟಿನ ನೆವದಿಂದ ಹಿಡಿದು ಮುತ್ತೈದೆಯ ಮಾತಿನವರೆಗೆ ಒಂದಕ್ಷರ ಬಿಡದೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಹೆಂಗಸರ ಸಾಲಿನಿಂದ ಹುಡುಗಿಯ ದನಿ ಬಂತು.

"ಮಾಮಾ, ಪೂರಾ ಹೇಳ್ರಿ. ನಾ ಬಾಗಲಾ ತೆಗೀಲಿಲ್ಲ, ಅದನ್ನೂ ಹೇಳ್ರಿ."

ಅದನ್ನೂ ಹೇಳಿದೆ.