ದೊಡ್ಡವ್ವ ಸತ್ತ ಹದಿನೇಳನೆಯ ನಿಮಿಷ

ಹೋದ ವರ್ಷ ಶ್ರಾವಣದ ಎರಡನೆಯ ರವಿವಾರ, ಬೆಳಗಿನ ಹನ್ನೊಂದು ಗಂಟೆ. ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ಕಂಪ್ಯೂಟರಿನ ಬಲಕ್ಕೆ ಒಂದು ಮೊಳ ದೂರದಲ್ಲಿ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ನನ್ನ ತಾಯಿಯ ಅಕ್ಕ, ನಮ್ಮ ದೊಡ್ಡವ್ವ, ಕುರ್ಚಿ ಒಲ್ಲೆನೆಂದು ನೆಲದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಇಷ್ಟು ಕರಾರುವಾಕ್ಕಾಗಿ ಬರೆಯಲು ಕಾರಣವಿದೆ. ಆ ಹೊತ್ತಿಗೆ ಅವಳು ಸತ್ತಿದ್ದಳೆಂದು ಒಬ್ಬ ದೊಡ್ಡ ಮನುಷ್ಯ ಹೇಳಿದ್ದಾನೆ.

ದೊಡ್ಡವ್ವ ಬೋನಾಳದವಳು. ಹುಣಸಗಿ ಕಡೆಯ ಕಾಲುವೆ ಗದ್ದೆಗಳಲ್ಲಿ ನೆಲ್ಲಿನ ಸಸಿ ಹಚ್ಚುತ್ತಲೇ ಹಾಡಿ ಹಾಡಿ ಮುಪ್ಪಾದಳು. ಈಗ ದಮ್ಮು, ಎರಡು ಸಾಲಿಗೆ ಉಸಿರು ಸಾಲುವುದಿಲ್ಲ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದಾಗ ಯಾದಗಿರಿಯ ಕಚೇರಿಯಲ್ಲಿ, ಹಾಡಿದ್ದಕ್ಕೆ ಪುರಾವೆ ತನ್ನಿ ಎಂದರು. ಪುರಾವೆ ಇದ್ದದ್ದು ಒಂದೇ ಕಡೆ: ಕೆಲವು ವರ್ಷಗಳ ಹಿಂದೆ ಗದ್ದೆಯ ಬದುವಿನ ಮೇಲೆ ಕೂತು, ನಮ್ಮ ಚಹಾ ಕುಡಿದು, ಅವಳ ಹಾಡನ್ನು ಮೊಬೈಲಿಗೆ ತುಂಬಿಕೊಂಡು ಹೋದ ಜಾನಪದ ವಿದ್ವಾಂಸನ ಹತ್ತಿರ. ಒಂದು ಪ್ರತಿ ಕೊಡಿ ಎಂದು ಕೇಳಿದಂದಿನಿಂದ ಅವನು ನನ್ನ ಫೋನು ಎತ್ತಲಿಲ್ಲ. ಕಡೆಗೆ, ಯಾವುದೋ ಇಂಟರ್ನೆಟ್ ರೇಡಿಯೋದಲ್ಲಿ ಆ ರವಿವಾರ ಹನ್ನೊಂದಕ್ಕೆ ಅವನೇ ಆ ಹಾಡು ಕೇಳಿಸುತ್ತಾನೆಂದು ವಾಟ್ಸಾಪಿನಲ್ಲಿ ಬಂತು. ಆ ರೇಡಿಯೋದಲ್ಲಿ ಒಮ್ಮೆ ಬಂದದ್ದು ಮತ್ತೆ ಸಿಗುವುದಿಲ್ಲ.

ಕಂಪ್ಯೂಟರಿನಲ್ಲಿ ಕೇಳಿಬರುವುದನ್ನು ಅದರೊಳಗೇ ದಾಖಲಿಸುವ ಪುಕ್ಕಟೆ ತಂತ್ರಾಂಶ ಹಾಕಿದ್ದೆ. ಹಿಂದಿನ ದಿನ ವಾರ್ತೆ ಹಿಡಿದು ಪರೀಕ್ಷೆ ಮಾಡಿದ್ದೆ. ಮನೆಯ ಸದ್ದು ಅದರಲ್ಲಿ ಬರುವುದಿಲ್ಲವೆಂದು ಎಷ್ಟು ಹೇಳಿದರೂ ನನ್ನ ಹೆಂಡತಿ ಮಿಕ್ಸರ್ ನಿಲ್ಲಿಸಿದಳು, ಹೆಪ್ಪು ಕೇಳಲು ಬಂದ ಎದುರು ಮನೆಯಾಕೆಯನ್ನೂ ಸನ್ನೆ ಮಾಡಿ ಹೊಸ್ತಿಲಲ್ಲೇ ನಿಲ್ಲಿಸಿದಳು.

ಹಾಡು ಬಂತು. ಕೆಸರಿನಲ್ಲಿ ಕಾಲೆತ್ತಿಡುವ ಸದ್ದೂ ಕೇಳುತ್ತಿತ್ತು. ದೊಡ್ಡವ್ವ ಎಲೆ ಕೈಯಲ್ಲೇ ಹಿಡಿದು ಕೇಳಿದಳು. ಹದಿನೇಳನೆಯ ನಿಮಿಷಕ್ಕೆ ಹಾಡು ನಿಂತು ವಿದ್ವಾಂಸ ಮಾತಾಡಿದ: "ಈ ತಾಯಿ ಇಂದು ನಮ್ಮೊಂದಿಗಿಲ್ಲ. ಆಕೆಯ ಕೊನೆಯ ಹಾಡನ್ನು ನಾನು ಉಳಿಸಿಕೊಂಡೆ." ಆಮೇಲೆ ಅತ್ತ. ಅಳುವ ಮುಂಚೆ ನೀರು ಗುಟುಕರಿಸಿದ್ದೂ ಫೈಲಿನಲ್ಲಿದೆ.

ಸದ್ದು ಆರಿಸಲು ಕೈ ಚಾಚಿದೆ. ದಾಖಲಾತಿ ನಿಂತೀತೆಂದು ಮೌಸ್ ಮುಟ್ಟಲಿಲ್ಲ.

"ಯಾರು ಸತ್ತಾರಂತ?" ಎಂದಳು ದೊಡ್ಡವ್ವ.

ಹೆಂಡತಿ ಮೆಲ್ಲಗೆ, "ನೀವಂತ್ರಿ, ಅತ್ತಿ" ಎಂದಳು.

"ಹೌದೇನು! ನನ್ನ ದಿನಕರ್ಮಾ ಮಾಡ್ಯಾನೇನು ಅವ? ಉಣ್ಣಾಕ ನನ್ನೂ ಕರೀಬೇಕಿತ್ತಲ್ಲ."

ಎಲ್ಲರಿಗಿಂತ ಮೊದಲು ಹೊಸ್ತಿಲಲ್ಲಿದ್ದಾಕೆ ನಕ್ಕಳು. ನನಗೆ ನಗು ಬರಲಿಲ್ಲ. ಬದುಕಿರುವವಳಾದರೆ ಹೆಸರು ಹೇಳಬೇಕು, ಒಪ್ಪಿಗೆ ಕೇಳಬೇಕು. ಸತ್ತವಳನ್ನು 'ತಾಯಿ' ಎಂದರೆ ಮುಗಿಯಿತು. ಅವನು ಒಂದು ಸಲವೂ ಹೆಸರು ಹೇಳಲಿಲ್ಲ.

ಹೆಂಡತಿಯ ಫೋನಿನಿಂದ ಮಾಡಿದೆ. ಎತ್ತಿದ.

"ಯಾರೋ ಹೇಳಿದ್ರು, ಅದಕ್ಕ ಅಂದೆ. ಸುಳ್ಳು ಸುದ್ದಿ ಬಂದ್ರ ಆಯುಷ್ಯ ಹೆಚ್ಚಾಗ್ತದ, ಬಿಡ್ರಿ."

ಯಾರು ಹೇಳಿದರೆಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟ. ಅವನ ಮನೆ ಶಹಾಪುರದಲ್ಲಿ. ಬಸ್ಸು ಹತ್ತಿ ಬಂದಿದ್ದರೆ ಮಧ್ಯಾಹ್ನದ ಊಟದೊಳಗೆ ನಿಜ ತಿಳಿಯುತ್ತಿತ್ತು. ನಮ್ಮ ಚಹಾಕ್ಕೆ ಬರಲು ಮಾತ್ರ ಅವನಿಗೆ ದಾರಿ ಗೊತ್ತಿತ್ತು.

ಈಗ ನನ್ನ ಕೈಯಲ್ಲಿದ್ದದ್ದು ಅವಳು ಹಾಡಿದಳೆಂಬ ಪುರಾವೆ, ಜೊತೆಗೆ ಅವಳು ಇಲ್ಲವೆಂಬ ಪುರಾವೆ.

"ಆ ಮಾತು ಕತ್ತರಿಸಿ ಹಾಡಷ್ಟ ಕೊಡ್ರಿ. ಯಾರಿಗೆ ಗೊತ್ತಾಗ್ತದ?" ಎಂದಳು ಹೆಂಡತಿ.

ಕತ್ತರಿಸುವುದು ಸುಲಭವಿತ್ತು, ಎರಡು ಸಲ ಒತ್ತಿದರಾಯಿತು. ಆದರೆ ಕತ್ತರಿಸಿದ ಸಾಕ್ಷಿ ಕೊಟ್ಟರೆ ನಾನೂ ಅವನ ಸಾಲಿನವನೇ ಆಗುತ್ತಿದ್ದೆ.

"ಹಾಂಗ ಇರ್ಲಿ ತಮ್ಮಾ," ಎಂದಳು ದೊಡ್ಡವ್ವ. "ಅದನ್ನೂ ಒಯ್ಯಿ, ನನ್ನೂ ಒಯ್ಯಿ."

ಮರುದಿನ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಅವಳನ್ನು ಯಾದಗಿರಿ ಬಸ್ಸಿಗೆ ಹತ್ತಿಸಿದೆ. ಕಚೇರಿಯ ಗುಮಾಸ್ತ ಪೂರ್ತಿ ಕೇಳಿದ. ಹದಿನೇಳನೆಯ ನಿಮಿಷಕ್ಕೆ ತಲೆಯೆತ್ತಿದ.

"ನಾನರಿ ಸಾಹೇಬ್ರ, ಆ ಸತ್ತಾಕಿ," ಎಂದು ದೊಡ್ಡವ್ವ ಹೆಬ್ಬೆರಳು ಮುಂದೆ ಚಾಚಿದಳು. ಅವನು ಮಸಿಯ ಡಬ್ಬಿ ಸರಿಸಿದ. ಅರ್ಜಿಗೆ ಫೈಲು ಸೇರಿತು, ಒಂದು ಸೆಕೆಂಡೂ ಕಡಿಮೆಯಾಗದೆ.

ಆ ರವಿವಾರ ಪಡಸಾಲೆಯಲ್ಲಿ ನನ್ನ ಜೊತೆ ಇದನ್ನು ಕಂಡು ಕೇಳಿದವರು ಮೂವರು: ನನ್ನ ಹೆಂಡತಿ, ಹೆಪ್ಪಿನ ಬಟ್ಟಲು ಹಿಡಿದು ನಿಂತಿದ್ದ ಎದುರು ಮನೆಯಾಕೆ, ಮತ್ತು ದೊಡ್ಡವ್ವ. ಮೂವರೂ ಬದುಕಿದ್ದಾರೆ.